ವಿದ್ಯುತ್ತು ಹರಿಯುವ ಮಸಿ

ಕೊರಿಯಾ ದೇಶದ ಜೇಜು ದ್ವೀಪದಲ್ಲಿ 1844ರಲ್ಲಿ ಒಬ್ಬ ವಿದ್ವಾಂಸನು ಒಂದು ಚಿತ್ರವನ್ನು ಬರೆದನು. ಅವನ ಹೆಸರು ಕಿಮ್ ಜಂಗ್ ಹೀ. ರಾಜಧಾನಿಯಿಂದ ಗಡೀಪಾರಾಗಿ ಆ ದ್ವೀಪದಲ್ಲಿ ದಿನಗಳೆಯುತ್ತಿದ್ದ ಗುರುವನ್ನು ಮರೆಯದೆ, ಚೀನಾದಿಂದ ಅಪೂರ್ವ ಗ್ರಂಥಗಳನ್ನು ತಂದು ಕಳುಹಿಸುತ್ತಿದ್ದ ಶಿಷ್ಯನೊಬ್ಬನಿದ್ದನು. ಆ ಶಿಷ್ಯನಿಗೆ ಕೊಡಲೆಂದೇ ಬರೆದ ಚಿತ್ರವಿದು. ಒಂದು ಸರಳವಾದ ಮನೆ, ಅದರ ಇಕ್ಕೆಲಗಳಲ್ಲಿ ಕೆಲವು ಮರಗಳು, ಸುತ್ತಲೂ ಖಾಲಿ ಬಯಲು, ಅಂಚಿನಲ್ಲಿ ಚೀನೀ ಲಿಪಿಯ ಬರೆಹ, ಇಷ್ಟೇ. ಚಳಿಗಾಲದಲ್ಲಿಯೂ ಹಸುರಳಿಯದ ಮರಗಳಂತೆ ಶಿಷ್ಯನ ನಿಷ್ಠೆಯು ಬಾಡಲಿಲ್ಲವೆಂಬುದು ಚಿತ್ರದ ಇಂಗಿತ. ‘ಸೆಹಾಂದೊ’ ಎಂಬ ಈ ಚಿತ್ರವನ್ನು ಕೊರಿಯಾದ ಜನರು ತಮ್ಮ ನಾಡಿನ ಅಮೂಲ್ಯ ನಿಧಿಗಳಲ್ಲೊಂದೆಂದು ಎಣಿಸುತ್ತಾರೆ.

2011ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಚಿತ್ರದ ಪ್ರತಿಯೊಂದನ್ನು ಕಾಗದದ ಮೇಲೆ ಬರೆದರು. ಅವರ ಕೈಯಲ್ಲಿದ್ದುದು ಕುಂಚವಲ್ಲ. ಅಂಗಡಿಯಲ್ಲಿ ದೊರೆಯುವಂತಹ, ತುದಿಯಲ್ಲಿ ಗುಂಡು ಉರುಳುವ ಒಂದು ಲೇಖನಿ. ಅದರೊಳಗಿದ್ದುದು ಮಾತ್ರ ನಾವು ಬಳಸುವ ಮಸಿಯಲ್ಲ, ಬೆಳ್ಳಿಯ ಮಸಿ. ಚಿತ್ರದ ಮನೆಯ ಮಾಡಿನ ಮೇಲೆ ಅವರು ಕಾಳಿನಷ್ಟು ಗಾತ್ರದ ಒಂದು ದೀಪವನ್ನು ಕೂರಿಸಿ, ಕಾಗದದ ಅಂಚಿಗೆ 5 ವೋಲ್ಟಿನ ಬ್ಯಾಟರಿಯನ್ನು ಜೋಡಿಸಿದರು. ದೀಪವು ಬೆಳಗಿತು. ತಂತಿಯೆಲ್ಲಿ ಎಂದು ಹುಡುಕುವವರಿಗೆ ತಂತಿ ಕಾಣುವಂತಿರಲಿಲ್ಲ. ಬರೆದ ಗೆರೆಗಳೇ ತಂತಿಗಳಾಗಿದ್ದುವು.

ಇದರಲ್ಲಿ ಅಷ್ಟೊಂದು ವಿಶೇಷವೇನು ಎಂದು ನೀವು ಕೇಳಬಹುದು. ದೀಪ ಬೆಳಗಿಸುವುದಕ್ಕೆ ಎರಡು ತುಂಡು ತಾಮ್ರದ ತಂತಿ ಸಾಲದೆ? ದೀಪ ಒಂದೇ ಆದರೆ ಸಾಕು. ಆದರೆ ರೇಡಿಯೋ, ಗಣಕಯಂತ್ರ, ದೂರವಾಣಿ ಇವುಗಳನ್ನು ಬಿಚ್ಚಿ ನೋಡಿ. ನೂರಾರು ಬಿಡಿಭಾಗಗಳು ಒಂದರೊಡನೊಂದು ನಿಯತವಾದ ಕ್ರಮದಲ್ಲಿ ಸೇರಿಕೊಂಡಿರಬೇಕು. ವಿದ್ಯುತ್ತು ಹೊರಟ ಕಡೆಯಿಂದ ಹೊರಟು, ಗೊತ್ತಾದ ದಾರಿಯಲ್ಲಿ ಸುತ್ತಿ, ಮತ್ತೆ ಹೊರಟಲ್ಲಿಗೆ ಬರಬೇಕು. ಈ ದಾರಿಯನ್ನೇ ವಿದ್ಯುನ್ಮಂಡಲವೆನ್ನುತ್ತಾರೆ. ಹಿಂದೆ ರೇಡಿಯೋ ಕಾರ್ಖಾನೆಗಳಲ್ಲಿ ಕೆಲಸಗಾರರು ಸಾಲಾಗಿ ಕುಳಿತು ಒಂದೊಂದು ತಂತಿಯನ್ನೂ ಕೈಯಿಂದ ಬೆಸೆಯುತ್ತಿದ್ದರು. ಒಂದು ತಂತಿ ತಪ್ಪಿ ಕೂತರೂ ರೇಡಿಯೋ ಮೂಕವಾಗುತ್ತಿತ್ತು.

ಈ ತೊಡಕಿನಿಂದ ಜಗತ್ತನ್ನು ಬಿಡಿಸಿದವರಲ್ಲಿ ಪ್ರಮುಖನು ವಿಯೆನ್ನಾ ನಗರದಲ್ಲಿ ಹುಟ್ಟಿ ಇಂಗ್ಲೆಂಡಿಗೆ ವಲಸೆ ಹೋದ ಪಾಲ್ ಐಸ್ಲರ್. ಪುಸ್ತಕದ ಪುಟದಲ್ಲಿ ಅಕ್ಷರಗಳನ್ನು ಅಚ್ಚು ಮಾಡುವಂತೆ ತಂತಿಗಳನ್ನೂ ಏಕೆ ಅಚ್ಚು ಮಾಡಬಾರದು ಎಂಬುದು ಅವನ ಪ್ರಶ್ನೆ. 1936ರ ಸುಮಾರಿನಲ್ಲಿ ಅವನು ಅಂತಹ ಒಂದು ರೇಡಿಯೋವನ್ನು ಮಾಡಿ ಒಂದು ಕಂಪನಿಗೆ ತೋರಿಸಿದನು. ಹೆಣ್ಣುಮಕ್ಕಳಿಂದ ತಂತಿ ಬೆಸೆಯಿಸುವುದೇ ನಮಗೆ ಅಗ್ಗ ಎಂದು ಅವರು ಹಿಂದಕ್ಕೆ ಕಳುಹಿಸಿದರಂತೆ. ಆದರೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಅಚ್ಚಿನ ಮಂಡಲಗಳ ಬೆಲೆ ಎಲ್ಲರಿಗೂ ತಿಳಿಯಿತು. ಇಂದು ನಮ್ಮ ಮನೆಯ ಯಾವ ವಿದ್ಯುನ್ಮಾನ ಸಾಧನದೊಳಗೂ ಕಾಣುವ ಹಸುರು ಹಲಗೆಯು ಅದರ ಸಂತತಿಯೇ.

ಈ ಹಲಗೆಯನ್ನು ಮಾಡುವ ಬಗೆ ಹೀಗೆ. ವಿದ್ಯುತ್ತು ಹರಿಯದ ಹಲಗೆಯೊಂದಕ್ಕೆ ತಾಮ್ರದ ತೆಳುವಾದ ಹಾಳೆಯನ್ನು ಪೂರ್ತಿಯಾಗಿ ಅಂಟಿಸುತ್ತಾರೆ. ಬೇಕಾದ ಗೆರೆಗಳ ಮೇಲೆ ರಕ್ಷಕ ಲೇಪವನ್ನು ಹಾಕುತ್ತಾರೆ. ಅನಂತರ ಫೆರಿಕ್ ಕ್ಲೋರೈಡಿನಂತಹ ದ್ರಾವಣದಲ್ಲಿ ಅದ್ದಿದರೆ ಲೇಪವಿಲ್ಲದ ಕಡೆಯ ತಾಮ್ರವೆಲ್ಲ ಕರಗಿಹೋಗಿ ಗೆರೆಗಳು ಮಾತ್ರ ಉಳಿಯುತ್ತವೆ. ಶಿಲ್ಪಿಯು ಕಲ್ಲನ್ನು ಕೆತ್ತಿ ಬೇಡದುದನ್ನು ತೆಗೆದಂತೆ ಇದು ಕಳೆಯುವ ಕ್ರಮ. ಲಕ್ಷಗಟ್ಟಲೆ ಹಲಗೆಗಳನ್ನು ಮಾಡುವ ಕಾರ್ಖಾನೆಗೆ ಇದು ಒಪ್ಪುತ್ತದೆ. ಒಂದೇ ಒಂದು ಮಂಡಲ ಬೇಕೆನ್ನುವ ವಿದ್ಯಾರ್ಥಿಗೆ, ಇಂದು ಹೊಳೆದುದನ್ನು ಇಂದೇ ಮಾಡಿ ನೋಡಬೇಕೆನ್ನುವ ಕುತೂಹಲಿಗೆ ಒಪ್ಪುವುದಿಲ್ಲ. ಕರಗಿದ ತಾಮ್ರವೂ ದ್ರಾವಣವೂ ಸೇರಿ ವಿಷದ ನೀರಾಗುವುದು ಬೇರೆ. ಲೇಖನಿಯದಾದರೋ ಕೂಡಿಸುವ ಕ್ರಮ. ಗೆರೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಲೋಹ. ಉಳಿದ ಕಾಗದ ಬರಿಯ ಕಾಗದ.

ಹಾಗಾದರೆ ಮಸಿಯಲ್ಲಿ ಬೆಳ್ಳಿಯ ಪುಡಿಯನ್ನು ಕಲಸಿದರೆ ಮುಗಿಯಿತೇ? ಕೆಲಸ ಅಷ್ಟು ಸುಲಭವಲ್ಲ. ಮುರಿದ ಹಲಗೆಯ ಗೆರೆಗಳನ್ನು ತೇಪೆ ಹಾಕಲು ಬೆಳ್ಳಿಯ ಲೇಪವನ್ನು ಹಿಂಡುವ ಲೇಖನಿಗಳು 2011ಕ್ಕೆ ಮೊದಲೇ ಇದ್ದವು. ಆದರೆ ಅವು ಬರೆಯುವ ಉಪಕರಣಗಳಲ್ಲ, ಮೆತ್ತುವ ಉಪಕರಣಗಳು. ಬರೆಯುವ ಲೇಖನಿಯ ಮಸಿಗೆ ಪರಸ್ಪರ ವಿರುದ್ಧವಾದ ಗುಣಗಳು ಬೇಕು. ಗುಂಡು ಉರುಳಿದಾಗ ಅದು ಸರಾಗವಾಗಿ ಹರಿಯಬೇಕು, ಉರುಳದಾಗ ಸೋರಬಾರದು. ಲೇಖನಿಯೊಳಗೆ ತಿಂಗಳುಗಟ್ಟಲೆ ಒಣಗದೆ ಇರಬೇಕು. ಕಾಗದ ಮುಟ್ಟಿದೊಡನೆ ಒಣಗಬೇಕು. ಕಾಗದದ ನಾರಿನೊಳಗೆ ಇಂಗಿ ಹರಡಿಕೊಳ್ಳಬಾರದು. ಕಣಗಳು ತಳಕ್ಕೆ ಇಳಿಯಬಾರದು, ಒಂದಕ್ಕೊಂದು ಅಂಟಿ ಗಂಟುಗಟ್ಟಿ ಮೊನೆಯನ್ನು ಮುಚ್ಚಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಒಣಗಿದ ಗೆರೆಯಲ್ಲಿ ವಿದ್ಯುತ್ತು ಹರಿಯಬೇಕು.

ಇಲಿನಾಯ್‌ನ ಜೆನಿಫರ್ ಲೂಯಿಸ್, ಜೆನಿಫರ್ ಬರ್ನ್‌ಹಾರ್ಡ್ ಎಂಬ ಇಬ್ಬರು ಪ್ರಾಧ್ಯಾಪಕಿಯರೂ ಅನಲೀಸಾ ರುಸೊ ಎಂಬ ಸಂಶೋಧನ ವಿದ್ಯಾರ್ಥಿನಿಯೂ ಅವರ ಸಂಗಡಿಗರೂ ಈ ಎಲ್ಲ ನಿಬಂಧನೆಗಳಿಗೆ ಒಪ್ಪುವ ಮಸಿಯನ್ನು ಹೊಂದಿಸಿದರು. ಅವರು ಹಿಡಿದ ದಾರಿಯನ್ನು ತಿಳಿಯಲು ನಿಮ್ಮ ರಸಾಯನಶಾಸ್ತ್ರದ ಪಾಠವೇ ಸಾಕು. ಬೆಳ್ಳಿಯ ನೈಟ್ರೇಟು ನೀರಿನಲ್ಲಿ ಕರಗುವ ಲವಣ. ಅದರಲ್ಲಿ ಬೆಳ್ಳಿಯು ಲೋಹವಾಗಿರದೆ ಅಯಾನುಗಳ ರೂಪದಲ್ಲಿರುತ್ತದೆ. ಒಂದೊಂದು ಅಯಾನೂ ಒಂದೊಂದು ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣು. ಕಳೆದುಹೋದ ಎಲೆಕ್ಟ್ರಾನನ್ನು ಮರಳಿ ಕೊಡಬಲ್ಲ ರಾಸಾಯನಿಕವನ್ನು ಬೆರೆಸಿದರೆ ಬೆಳ್ಳಿಯು ಮತ್ತೆ ಲೋಹವಾಗಿ ಹೊರಬೀಳುತ್ತದೆ. ಇದಕ್ಕೆ ಅಪಕರ್ಷಣವೆಂದು ಹೆಸರು. ಹೊರಬಿದ್ದ ಕಣಗಳು ಸುಮ್ಮನಿರದೆ ಬೆಳೆಯುತ್ತ ಹೋಗುತ್ತವೆ. ಅವನ್ನು ತಡೆಯಲು ದ್ರಾವಣದಲ್ಲಿ ಉದ್ದನೆಯ ಸರಪಳಿಯಂತಹ ಅಣುಗಳುಳ್ಳ ಒಂದು ಆಮ್ಲವನ್ನು ಮೊದಲೇ ಸೇರಿಸಿರುತ್ತಾರೆ. ಅದು ಪ್ರತಿಯೊಂದು ಕಣಕ್ಕೂ ತೆಳುವಾದ ಹೊದಿಕೆಯಾಗಿ ಕೂತು ಅದರ ಬೆಳವಣಿಗೆಯನ್ನೂ ಅಂಟಿಕೊಳ್ಳುವ ಚಪಲವನ್ನೂ ತಡೆಯುತ್ತದೆ. ಹೀಗೆ ದೊರೆತ ಕಣದ ಅಡ್ಡಳತೆ ಸುಮಾರು 400 ನ್ಯಾನೋಮೀಟರು. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅಂದರೆ ನಿಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರಿನಲ್ಲಿ ಇಂತಹ 2500 ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಕೊನೆಯಲ್ಲಿ ಮಸಿ ಗಟ್ಟಿಯಾಗಲೆಂದು ಸೆಲ್ಯುಲೋಸಿನಿಂದ ಮಾಡಿದ ಒಂದು ಪದಾರ್ಥವನ್ನು ಬೆರೆಸಿದರು. ಕಾಗದವೂ ಸೆಲ್ಯುಲೋಸೇ. ಮಸಿಗೂ ಕಾಗದಕ್ಕೂ ಹೀಗೊಂದು ನಂಟು ಬೆಳೆದುದು ನನಗಂತೂ ಸೊಗಸಾಗಿ ಕಾಣುತ್ತದೆ.

ಬೆಳ್ಳಿಯ ನೈಟ್ರೇಟು ನಮಗೆ ಅಪರಿಚಿತವಾದ ವಸ್ತುವಲ್ಲ. ಚುನಾವಣೆಯಲ್ಲಿ ಮತ ಹಾಕಿ ಬಂದ ನಿಮ್ಮ ತಂದೆತಾಯಿಯರ ಎಡಗೈಯ ತೋರುಬೆರಳನ್ನು ನೋಡಿದ್ದೀರಷ್ಟೆ. ಅಲ್ಲಿಯ ಅಳಿಯದ ಗುರುತಿಗೆ ಕಾರಣ ಈ ಲವಣವೇ. ಚರ್ಮವನ್ನು ಸೇರಿದ ಬೆಳ್ಳಿಯ ಲವಣವು ಬೆಳಕು ತಾಕಿದಾಗ ಕಪ್ಪಾಗಿ ನಿಲ್ಲುತ್ತದೆ. ಈ ಮಸಿಯನ್ನು ತಯಾರಿಸುವುದು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಸ್ಥಾಪಿತವಾದ ಸಂಸ್ಥೆಯದು. 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ಭಾರತದ ಮತದಾರರ ಬೆರಳುಗಳಿಗೆ ಅಲ್ಲಿಯ ಮಸಿಯೇ ಬರುತ್ತಿದೆ. ಒಂದೇ ಲವಣವು ಒಂದೆಡೆ ಪ್ರಜಾಪ್ರಭುತ್ವದ ಗುರುತಾಯಿತು, ಇನ್ನೊಂದೆಡೆ ತಂತಿಯಾಯಿತು.

ಆದರೆ ಮತದಾರನ ಬೆರಳಿನ ಕಪ್ಪುಗೆರೆಯಲ್ಲಿ ದೀಪ ಬೆಳಗಿಸುವಷ್ಟು ವಿದ್ಯುತ್ತು ಹರಿಯುವುದಿಲ್ಲ. ಏಕೆ? ಇಲ್ಲಿಯೇ ಈ ವಿಷಯದ ತಿರುಳು ಇದೆ. ಮಲೆನಾಡಿನ ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟುವುದನ್ನು ನೆನೆಯಿರಿ. ಕಲ್ಲುಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದರೆ ಎಷ್ಟೇ ಇದ್ದರೂ ದಾಟಲಾಗದು. ಕಲ್ಲುಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದಂತೆ ಬಹಳ ಹೊತ್ತು ಏನೂ ಪ್ರಯೋಜನ ಕಾಣುವುದಿಲ್ಲ. ಒಂದು ಹಂತದಲ್ಲಿ ಮಾತ್ರ ಈ ದಡದಿಂದ ಆ ದಡದವರೆಗೆ ಥಟ್ಟನೆ ದಾರಿ ಕೂಡಿಬರುತ್ತದೆ. ಎಲೆಕ್ಟ್ರಾನುಗಳ ಪಾಡೂ ಹೀಗೆಯೇ. ಕಣಕ್ಕೆ ಕಣ ತಾಗಿ ಗೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಖಂಡವಾದ ಸಾಲು ಏರ್ಪಟ್ಟಾಗ ಮಾತ್ರ ಮಸಿಯು ವಾಹಕವೆನಿಸುತ್ತದೆ. ಕಣಗಳ ನಡುವೆ ಸಿಕ್ಕಿಕೊಂಡ ಅಂಟು ಪದಾರ್ಥವು ಹೆಚ್ಚಾದಷ್ಟೂ ರೋಧ ಹೆಚ್ಚು. ಅಂಟು ಕಡಿಮೆಯಾದರೆ ಗೆರೆಯು ಕಾಗದಕ್ಕೆ ಹಿಡಿಯದೆ ಉದುರುತ್ತದೆ. ಈ ಎರಡರ ನಡುವಣ ಹದವನ್ನು ಕಾಣುವುದೇ ಮಸಿ ಮಾಡುವವರ ತಲೆನೋವು.

ಲೂಯಿಸರೂ ಅವರ ಶಿಷ್ಯ ಬ್ರೆಟ್ ವಾಕರನೂ 2012ರಲ್ಲಿ ಇನ್ನೊಂದು ಉಪಾಯವನ್ನು ಪ್ರಕಟಿಸಿದರು. ಕಣಗಳೇ ಇಲ್ಲದ ಮಸಿ! ನೋಡಲು ತಿಳಿನೀರಿನಂತಿರುವ ಈ ದ್ರಾವಣದಲ್ಲಿ ಬೆಳ್ಳಿಯು ಅಮೋನಿಯಾದ ಆಸರೆಯಿಂದ ಕರಗಿಯೇ ಇರುತ್ತದೆ. ಬರೆದ ಮೇಲೆ ಅಮೋನಿಯಾ ಆರಿಹೋಗುತ್ತದೆ. ಆಸರೆ ತಪ್ಪಿದ ಬೆಳ್ಳಿಯು ಇದ್ದಲ್ಲಿಯೇ ಲೋಹವಾಗಿ ಕೂರುತ್ತದೆ. ಕಣವಿಲ್ಲದ ಮಸಿಗೆ ಮೊನೆ ಕಟ್ಟಿಕೊಳ್ಳುವ ಭಯವಿಲ್ಲ. 90 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದರೆ ಅಪ್ಪಟ ಬೆಳ್ಳಿಗೆ ಸಮನಾಗಿ ವಿದ್ಯುತ್ತನ್ನು ಹರಿಯಿಸುತ್ತದೆ. ನೀರು ಕುದಿಯುವುದಕ್ಕೂ ಕಡಿಮೆಯಾದ ಈ ಶಾಖಕ್ಕೆ ಕಾಗದ ಸುಡುವುದಿಲ್ಲ, ಅನೇಕ ಪ್ಲಾಸ್ಟಿಕ್ಕುಗಳೂ ಕರಗುವುದಿಲ್ಲ. ಗಾಜಿನ ನಳಿಗೆಯ ಒಳಮೈಗೆ ಬೆಳ್ಳಿಯ ಕನ್ನಡಿ ಹಿಡಿಯಿಸುವ ಟಾಲೆನ್ಸನ ಹಳೆಯ ಪ್ರಯೋಗವನ್ನು ನೀವು ಮುಂದಿನ ತರಗತಿಗಳಲ್ಲಿ ಮಾಡುತ್ತೀರಿ. ಈ ಹೊಸ ಮಸಿ ಅದರ ಮೊಮ್ಮಗಳು. ರುಸೊ, ವಾಕರ್ ಮೊದಲಾದವರು 2013ರಲ್ಲಿ ಸಾರ್ವಜನಿಕರಿಂದಲೇ ಮುಂಗಡ ಹಣ ಪಡೆದು ಬೆಳ್ಳಿಮಸಿಯ ಲೇಖನಿಯೊಂದನ್ನು ಮಾರುಕಟ್ಟೆಗೂ ತಂದರು.

ಬೆಳ್ಳಿಯೇ ಏಕೆ, ಅಗ್ಗದ ತಾಮ್ರ ಏಕಾಗದು ಎಂಬ ಸಂದೇಹ ಬಂದಿರಬಹುದು. ಲೋಹಗಳಲ್ಲೆಲ್ಲ ಬೆಳ್ಳಿಯು ಅತ್ಯುತ್ತಮ ವಾಹಕ; ತಾಮ್ರವೂ ಅದಕ್ಕೆ ತೀರ ಹಿಂದಿಲ್ಲ. ಆದರೆ ತಾಮ್ರವನ್ನು ಅತಿಸೂಕ್ಷ್ಮವಾದ ಪುಡಿ ಮಾಡಿದರೆ ಗಾಳಿಯ ಆಮ್ಲಜನಕವು ಪ್ರತಿ ಕಣವನ್ನೂ ಮುತ್ತಿ ಮೇಲ್ಮೈಯಲ್ಲಿ ಆಕ್ಸೈಡಿನ ಪದರವನ್ನು ಬೆಳೆಸುತ್ತದೆ. ಆ ಪದರವು ವಿದ್ಯುತ್ತಿಗೆ ಅಡ್ಡಗೋಡೆ. ಬೆಳ್ಳಿಗೆ ಈ ತೊಂದರೆ ಬಹಳ ಕಡಿಮೆ. ದುಬಾರಿಯಾದರೂ ಒಂದು ಗೆರೆಗೆ ಬೇಕಾಗುವ ಬೆಳ್ಳಿ ಎಳ್ಳಿನಷ್ಟೂ ಇಲ್ಲವೆಂಬುದೇ ಸಮಾಧಾನ.

ಆ ಎಳ್ಳಿನಷ್ಟು ಬೆಳ್ಳಿಯೂ ಇಲ್ಲದವರಿಗೆ? ಅವರ ಚೀಲದಲ್ಲಿಯೇ ಒಂದು ಉಪಕರಣವಿದೆ. ನಮ್ಮ ಹಿರಿಯರು ಅದನ್ನು ಸೀಸದ ಕಡ್ಡಿಯೆಂದು ಕರೆದರು. ಸೀಸಕ್ಕೂ ಪೆನ್ಸಿಲಿಗೂ ಯಾವ ಸಂಬಂಧವೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ ದೊರೆತ ಕಪ್ಪು ಖನಿಜವನ್ನು ಅಲ್ಲಿಯವರು ಸೀಸದ ಒಂದು ಬಗೆಯೆಂದು ಭ್ರಮಿಸಿದರು. ಆ ಭ್ರಮೆ ಅವರ ಭಾಷೆಯಿಂದ ನಮ್ಮ ಭಾಷೆಗೂ ಇಳಿದುಬಂತು. ಅದು ವಾಸ್ತವವಾಗಿ ಇಂಗಾಲದ ಒಂದು ರೂಪವಾದ ಗ್ರಾಫೈಟ್. ಇಂಗಾಲದ ಪರಮಾಣುಗಳು ಹಾಳೆಹಾಳೆಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಹಾಳೆಗಳು ಸುಲಭವಾಗಿ ಜಾರುವುದರಿಂದ ಕಾಗದದ ಮೇಲೆ ಗೆರೆ ಮೂಡುತ್ತದೆ. ಪ್ರತಿ ಹಾಳೆಯಲ್ಲಿಯೂ ಎಲೆಕ್ಟ್ರಾನುಗಳು ಸ್ವಚ್ಛಂದವಾಗಿ ಚಲಿಸುವುದರಿಂದ ಆ ಗೆರೆಯಲ್ಲಿ ವಿದ್ಯುತ್ತು ಹರಿಯುತ್ತದೆ. ಬರೆಯುವ ಗುಣವೂ ವಿದ್ಯುತ್ತನ್ನು ಹರಿಯಿಸುವ ಗುಣವೂ ಒಂದೇ ರಚನೆಯಿಂದ ಬಂದುವೆಂಬುದನ್ನು ಗಮನಿಸಿ. ಪೆನ್ಸಿಲಿನ ಕಡ್ಡಿಯಲ್ಲಿ ಗ್ರಾಫೈಟಿನೊಡನೆ ಜೇಡಿಮಣ್ಣೂ ಇರುತ್ತದೆ. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬುವನು ಕಂಡುಹಿಡಿದ ಪಾಕವದು. ಮಣ್ಣು ಹೆಚ್ಚಿದರೆ ಕಡ್ಡಿ ಗಡುಸು, ಗೆರೆ ಮಸುಕು. ಗ್ರಾಫೈಟು ಹೆಚ್ಚಿದರೆ ಕಡ್ಡಿ ಮೆದು, ಗೆರೆ ಕಪ್ಪು. ಜೇಡಿಮಣ್ಣು ಅವಾಹಕವಾದುದರಿಂದ ನಮಗೆ ಬೇಕಾದುದು ಚಿತ್ರ ಬರೆಯುವವರು ಬಳಸುವ 6ಬಿ, 8ಬಿ ಗುರುತಿನ ಮೆದು ಪೆನ್ಸಿಲು.

ಇದನ್ನು ನೀವೇ ಮಾಡಿ ನೋಡಬಹುದು. ಕಾಗದದ ಮೇಲೆ ಒಂದು ಸೆಂಟಿಮೀಟರು ಅಗಲ, ಮೂರು ನಾಲ್ಕು ಸೆಂಟಿಮೀಟರು ಉದ್ದದ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ಒಂದಕ್ಕೊಂದು ತಾಗದಂತೆ ಬರೆದು, ಹೊಳೆಯುವಷ್ಟು ದಟ್ಟವಾಗಿ ಮತ್ತೆ ಮತ್ತೆ ತೀಡಿರಿ. ಎಲ್‌ಇಡಿ ಎಂಬ ಕಿರುದೀಪದ ಒಂದು ಕಾಲನ್ನು ಒಂದು ಪಟ್ಟಿಯ ತುದಿಗೂ ಇನ್ನೊಂದು ಕಾಲನ್ನು ಇನ್ನೊಂದು ಪಟ್ಟಿಯ ತುದಿಗೂ ಟೇಪಿನಿಂದ ಬಿಗಿಯಾಗಿ ಅಂಟಿಸಿರಿ. ಪಟ್ಟಿಗಳ ಇನ್ನೆರಡು ತುದಿಗಳಿಗೆ 9 ವೋಲ್ಟಿನ ಒಣ ಬ್ಯಾಟರಿಯ ಎರಡು ಗುಬ್ಬಿಗಳನ್ನು ತಾಗಿಸಿರಿ. ದೀಪದ ಉದ್ದನೆಯ ಕಾಲು ಧನ ಧ್ರುವದ ಕಡೆಗಿರಲಿ. ಕೋಣೆಯನ್ನು ಕತ್ತಲು ಮಾಡಿಕೊಂಡು ನೋಡಿದರೆ ದೀಪವು ಮಿಣುಕುವುದು ಕಾಣುತ್ತದೆ. ಬ್ಯಾಟರಿಯನ್ನು ಪಟ್ಟಿಯ ಮೇಲೆ ದೀಪದ ಹತ್ತಿರಕ್ಕೆ ಸರಿಸಿದಂತೆ ಬೆಳಕು ಹೆಚ್ಚುತ್ತದೆ, ದೂರ ಸರಿಸಿದಂತೆ ಕುಂದುತ್ತದೆ. ವಾಹಕದ ಉದ್ದ ಹೆಚ್ಚಿದರೆ ರೋಧ ಹೆಚ್ಚು, ಅಗಲ ಹೆಚ್ಚಿದರೆ ರೋಧ ಕಡಿಮೆ ಎಂಬ ನಿಯಮವನ್ನು ಪುಸ್ತಕದಲ್ಲಿ ಓದುವುದು ಬೇರೆ, ಹೀಗೆ ಕಣ್ಣಾರೆ ಕಾಣುವುದು ಬೇರೆ. ತಪ್ಪಾದರೆ ರಬ್ಬರಿನಿಂದ ಅಳಿಸಿ ಮತ್ತೆ ಬರೆಯಬಹುದು. ಎಲ್‌ಇಡಿಯನ್ನು ಬ್ಯಾಟರಿಗೆ ನೇರವಾಗಿ ತಾಗಿಸಬೇಡಿ, ಅದು ಸುಟ್ಟುಹೋಗುತ್ತದೆ. ಇಲ್ಲಿ ಗ್ರಾಫೈಟಿನ ರೋಧವೇ ಅದನ್ನು ಕಾಯುತ್ತದೆ. ಮನೆಯ ಗೋಡೆಯ ವಿದ್ಯುತ್ತಿನ ಹತ್ತಿರ ಮಾತ್ರ ಈ ಕಾಗದವನ್ನು ಎಂದಿಗೂ ಒಯ್ಯಬಾರದು. ಅದು ಪ್ರಾಣಾಪಾಯದ ಆಟ.

ಇನ್ನೂ ಒಂದು ಸ್ವಾರಸ್ಯವಿದೆ. ಪಟ್ಟಿಯಿರುವ ಕಾಗದವನ್ನು ಗೆರೆ ಹೊರಮೈಗೆ ಬರುವಂತೆ ಬಾಗಿಸಿದರೆ ಗ್ರಾಫೈಟಿನ ಚೂರುಗಳು ಒಂದರಿಂದೊಂದು ಸರಿದು ರೋಧ ಏರುತ್ತದೆ. ಒಳಮೈಗೆ ಬರುವಂತೆ ಬಾಗಿಸಿದರೆ ಒತ್ತರಿಸಿಕೊಂಡು ರೋಧ ಇಳಿಯುತ್ತದೆ. ಹಾಗಾದರೆ ರೋಧವನ್ನು ಅಳೆದು ಬಾಗನ್ನು ತಿಳಿಯಬಹುದಲ್ಲವೆ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿ ಆರಂಭಿಸಿದ ಇಂತಹ ಪೆನ್ಸಿಲ್ ಪ್ರಯೋಗವು 2014ರಲ್ಲಿ ಸಂಶೋಧನ ಪ್ರಬಂಧವಾಗಿಯೇ ಪ್ರಕಟವಾಯಿತು. 2020ರಲ್ಲಿ ಮಿಸೌರಿ ವಿಶ್ವವಿದ್ಯಾನಿಲಯದವರು ಗ್ರಾಫೈಟಿನ ಅಂಶ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಾಗಿರುವ ಪೆನ್ಸಿಲಿನಿಂದ ಸಾಮಾನ್ಯ ಕಾಗದದ ಮೇಲೆ ಬರೆದು, ಅದನ್ನು ಚರ್ಮಕ್ಕೆ ಅಂಟಿಸಿ ದೇಹದ ಶಾಖವನ್ನೂ ಹೃದಯದ ಮಿಡಿತವನ್ನೂ ಅಳೆಯಬಹುದೆಂದು ತೋರಿಸಿದರು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು 2012ರಲ್ಲಿಯೇ ಇಂಗಾಲದ ನ್ಯಾನೋ ನಳಿಗೆಗಳನ್ನು ಒತ್ತಿ ಪೆನ್ಸಿಲಿನ ಕಡ್ಡಿಯಂತೆ ಮಾಡಿ, ಅದರಿಂದ ತೀಡಿದ ಗೆರೆಯು ಗಾಳಿಯಲ್ಲಿರುವ ಅಮೋನಿಯಾವನ್ನು ಪತ್ತೆಹಚ್ಚುವಂತೆ ಮಾಡಿದ್ದರು.

ಬೀಜಿಂಗಿನ ವಿಜ್ಞಾನಿಗಳು ಹಿಡಿದ ದಾರಿ ಬೇರೊಂದು. ಗ್ಯಾಲಿಯಂ ಎಂಬ ಲೋಹವು 29.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಂಗೈಯಲ್ಲಿಟ್ಟುಕೊಂಡರೆ ನೀರಾಗುತ್ತದೆ. ಇಂಡಿಯಂ ಬೆರೆಸಿದರೆ ಇನ್ನೂ ಕಡಿಮೆ ಶಾಖದಲ್ಲಿಯೇ ದ್ರವವಾಗಿ ಉಳಿಯುತ್ತದೆ. ಈ ದ್ರವಲೋಹವನ್ನೇ 2013ರಲ್ಲಿ ಅವರು ಗುಂಡುಮೊನೆಯ ಲೇಖನಿಗೆ ತುಂಬಿ ಬರೆದರು. ಒಣಗುವ ಮಾತೇ ಇಲ್ಲ; ಗೆರೆ ಬಾಗಿದರೂ ಲೋಹ ಬಿರಿಯುವುದಿಲ್ಲ. ಆದರೆ ಗ್ಯಾಲಿಯಂ ಅಗ್ಗದ ವಸ್ತುವಲ್ಲ.

ಪತ್ರಿಕೆಗಳಲ್ಲಿ ಕೆಲವೊಮ್ಮೆ ಲೇಖನಿಯಿಂದ ಗಣಕಯಂತ್ರವನ್ನೇ ಬರೆಯಬಹುದೆಂಬಂತಹ ಉತ್ಸಾಹದ ಮಾತುಗಳು ಕಾಣುತ್ತವೆ. ಅದು ಅತಿಶಯೋಕ್ತಿ. ಲೇಖನಿಯು ಬರೆಯುವುದು ರಸ್ತೆಯನ್ನು, ಊರನ್ನಲ್ಲ. ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿರುವ ಸಿಲಿಕಾನ್ ಚೂರನ್ನು ಯಾವ ಕೈಯೂ ಬರೆಯಲಾರದು. ಅದನ್ನು ತಂದು ಗೆರೆಗಳ ಮೇಲೆ ಕೂರಿಸಲೇಬೇಕು. ಕೂರಿಸುವುದೂ ಸುಲಭವಲ್ಲ. ಬೆಸುಗೆಯ ಕಾವಿಗೆ ಕಾಗದ ಕಂದುತ್ತದೆ. ಆದುದರಿಂದ ವಾಹಕ ಅಂಟನ್ನೋ ಕಾಂತದ ತುಂಡುಗಳನ್ನೋ ಬಳಸಬೇಕು. ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗುತ್ತದೆ, ಚೂಪಾಗಿ ಮತ್ತೆ ಮತ್ತೆ ಮಡಿಸಿದರೆ ಗೆರೆ ತುಂಡಾಗುತ್ತದೆ. ಬೆಳ್ಳಿಯ ಪಂಚಪಾತ್ರೆ ಕಾಲಕ್ರಮದಲ್ಲಿ ಕಪ್ಪಾಗುವಂತೆ ಬೆಳ್ಳಿಯ ಗೆರೆಯೂ ಗಾಳಿಯ ಗಂಧಕದಿಂದ ಕಪ್ಪಾಗುತ್ತದೆ.

ಆದರೂ ಮಡಿಸಬಲ್ಲ, ಅಗ್ಗವಾದ, ಒಮ್ಮೆ ಬಳಸಿ ಬಿಡಬಲ್ಲ ಮಂಡಲಗಳ ಅಗತ್ಯ ಕಲ್ಪನೆಯದಲ್ಲ. ಗಣಕಯಂತ್ರದ ಅನೇಕ ಕೀಲಿಮಣೆಗಳ ಕೆಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಬೆಳ್ಳಿಮಸಿಯ ಗೆರೆಗಳಿವೆ. ಮಧುಮೇಹದ ರೋಗಿಗಳು ದಿನವೂ ಒಂದು ಹನಿ ರಕ್ತವನ್ನು ತಾಗಿಸಿ ಎಸೆಯುವ ಪಟ್ಟಿಯಲ್ಲಿಯೂ ಮಸಿಯಿಂದ ಅಚ್ಚು ಮಾಡಿದ ವಿದ್ಯುದಗ್ರಗಳಿರುವುದುಂಟು. ಒಂದೊಂದು ಪಟ್ಟಿಯ ಬೆಲೆ ಅಲ್ಪವೇ ಇರಬಹುದು. ಬದುಕಿರುವಷ್ಟು ದಿನವೂ ಕೊಳ್ಳಬೇಕಾದ ಬಡರೋಗಿಗೆ ಅದು ಅಲ್ಪವಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೋ ಕೇಂದ್ರದಲ್ಲಿ ಜೋಸೆಫ್ ವಾಂಗ್ ಅವರ ತಂಡವು 2015ರಲ್ಲಿ ಕಿಣ್ವಗಳನ್ನು ಬೆರೆಸಿದ ಮಸಿಯನ್ನು ಗುಂಡುಮೊನೆಯ ಲೇಖನಿಗೆ ತುಂಬಿತು. ಕಿಣ್ವವೆಂದರೆ ಜೀವಿಗಳ ದೇಹದಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು. ಒಂದು ಕಿಣ್ವದ ಮಸಿಯಿಂದ ಬರೆದರೆ ಆ ಗೆರೆಯು ಗ್ಲೂಕೋಸನ್ನು ಗುರುತಿಸುತ್ತದೆ. ಮಸಿಯನ್ನು ಬದಲಾಯಿಸಿದರೆ ಬೇರೊಂದು ವಸ್ತುವನ್ನು ಗುರುತಿಸುತ್ತದೆ. ಹೀಗೆ ಮಸಿಯನ್ನು ಬದಲಿಸಿ ಅವರು ಒಂದು ಗಿಡದ ಎಲೆಯ ಮೇಲೆ ನೇರವಾಗಿ ಬರೆದರು. ಆ ಎಲೆಗೆ ಫೀನಾಲ್ ಎಂಬ ವಿಷವಸ್ತು ತಾಕಿದೆಯೇ ಇಲ್ಲವೇ ಎಂಬುದನ್ನು ಎಲೆಯ ಮೇಲಿನ ಬರೆಹವೇ ತಿಳಿಸಿತು.